ಬೋರ್ಡಿನ ಮೇಲೆ ಎರಡು ಅಂಕಿ

ಪಂಪಿನ ಹೌಸಿಂಗು ತೂಗುವ ಕಾಟಾದ ಮೇಲೆ
ಒಂದು ಸೋಮವಾರ, ಶಿಫ್ಟಿನ ಸೈರನ್ನಿಗೆ ಮೊದಲು,
ಯಾರೂ ಇಲ್ಲವೆಂದುಕೊಂಡು ಬೂಟು ಬಿಚ್ಚಿ ಹತ್ತಿದೆ.
ನೂರಾ ನಾಲ್ಕು.
ಕಂಬದ ಹಿಂದಿನಿಂದ ಕೋರ್ ಶಾಪಿನ ಸಾವಂತ್ರಮ್ಮ:
"ಸಾರ್, ಈ ಪೀಸಿಗೂ ಹೀಟ್ ನಂಬರು ಹೊಡೀಬೇಕಾ?"

ಡಾಕ್ಟರು ಅಂದಿದ್ದರು, ಹನ್ನೆರಡು ಕಿಲೋ ಇಳಿಸಿ.
ಮಾಲೀಕರು ಅಂದಿದ್ದರು, ರಿಜೆಕ್ಷನ್ನು ಹನ್ನೊಂದರಿಂದ ಐದಕ್ಕೆ ಇಳಿಸಿ.
ಇಬ್ಬರದೂ ಮೂರು ತಿಂಗಳ ಗಡುವು.
ಹೇಗೆ ಅಂತ ಇಬ್ಬರೂ ಹೇಳಲಿಲ್ಲ.

ಮಾಚೇನಹಳ್ಳಿಯ ಆ ತಗಡಿನ ಸೂರಿನಡಿ
ಇಪ್ಪತ್ಮೂರು ಜನರನ್ನು ನಿಲ್ಲಿಸಿ ಭಾಷಣ ಮಾಡಿದೆ:
ಒಗ್ಗಟ್ಟು, ಗುರಿ, ನಾವೆಲ್ಲ ಒಂದೇ ಮನೆಯವರು.
ಕುಲುಮೆಯ ಅಲ್ತಾಫ್ ಬೆವರು ಒರೆಸುತ್ತ ಕೇಳಿದ,
"ನಾವು ಇಳಿಸ್ತೀವಿ ಸಾರ್. ನೀವೇನು ಇಳಿಸ್ತೀರಿ?"
ಇಪ್ಪತ್ಮೂರು ಜೊತೆ ಕಣ್ಣು ಒಟ್ಟಿಗೆ
ನನ್ನ ಬೆಲ್ಟಿನ ಬಕಲಿಗೆ ಬಂದು ನಿಂತವು.

ಹಾಗೆ ಶುರುವಾಯಿತು. ಕರಿ ಬೋರ್ಡು, ನಡುವೆ ಗೀಟು,
ಎಡಕ್ಕೆ ಅವರ ಶೇಕಡಾ, ಬಲಕ್ಕೆ ನನ್ನ ಕಿಲೋ,
ಪ್ರತಿ ಸೋಮವಾರ.

ಬೆಳಗ್ಗೆ ಐದಕ್ಕೆ ಗಾಂಧಿ ಪಾರ್ಕಿನ ಸುತ್ತು,
ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು.
ಕ್ಯಾಂಟೀನಿನಲ್ಲಿ ವಡೆಗೆ ಕೈ ಚಾಚಿದರೆ
ಮೋಲ್ಡಿಂಗಿನ ತಿಪ್ಪೇಶಿ ತಟ್ಟೆಯನ್ನೇ ಎಳೆದುಕೊಂಡು
"ಬೋರ್ಡು ಸಾರ್, ಬೋರ್ಡು" ಅಂದು ತಾನು ತಿನ್ನುತ್ತಿದ್ದ.
ನಾನೂ ಬಿಡುತ್ತಿರಲಿಲ್ಲ,
ಅವನ ಅಚ್ಚಿನೊಳಗೆ ಟಾರ್ಚು ಬಿಟ್ಟು ಮೂಲೆ ಮೂಲೆ ನೋಡುತ್ತಿದ್ದೆ.

ವಿಚಿತ್ರವೆಂದರೆ ನಮ್ಮ ಕಸುಬಿನಲ್ಲಿ
ತೂಕ ಕಮ್ಮಿ ಬಂದ ಪೀಸನ್ನು ಯಾರೂ ಮೆಚ್ಚುವುದಿಲ್ಲ.
ಒಳಗೆಲ್ಲೋ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ.
ಮೂರು ಕಿಲೋ ಇಳಿದ ದಿನ ಮನೆಯಲ್ಲಿ ನಳಿನಿ
ಅದೇ ಅನುಮಾನದಲ್ಲಿ ಹಣೆ ಮುಟ್ಟಿ ನೋಡಿದಳು.

ಏಳನೇ ವಾರ ಎಡಗಡೆಯ ಅಂಕಿ ಏರಿತು. ಎಂಟಿದ್ದದ್ದು ಹತ್ತು.
ಜಾರ್ಖಂಡಿನ ಹುಡುಗ ಧನೇಶ್ವರನನ್ನು
ಎಲ್ಲರ ಎದುರು ಬೈದೆ. ಬೈಗುಳದ ಅರ್ಧ ಅವನಿಗೆ ತಿಳಿಯಲಿಲ್ಲ,
ತಿಳಿದ ಅರ್ಧವೇ ಸಾಕಾಗಿತ್ತು.
ಆ ರಾತ್ರಿ ದುರ್ಗಿಗುಡಿಯ ಗಾಡಿಯ ಹಿಂದೆ,
ಬೀದಿದೀಪ ತಾಗದ ಕಡೆ ನಿಂತು,
ಮಂಡಕ್ಕಿ, ಐದು ಮಿರ್ಚಿ, ಮತ್ತೆ ಎರಡು.
ಮರುದಿನವೂ ಹೋದೆ. ಅದರ ಮರುದಿನವೂ.

ಸೋಮವಾರ ಕಾಟಾ ಹೇಳಿತು: ನೂರಾ ಒಂದು.
ಹೋದ ವಾರ ತೊಂಬತ್ತೊಂಬತ್ತು.
ಕೈಯಲ್ಲಿ ಸೀಮೆಸುಣ್ಣ. ಸುತ್ತ ಯಾರೂ ಇಲ್ಲ,
ಕಂಬದ ಹಿಂದೆಯೂ ನೋಡಿದೆ.
ಪಕ್ಕದ ಬೆಂಚಿನ ಮೇಲೊಂದು ಹೌಸಿಂಗು, ಹಸಿ ಬಣ್ಣ.
ಹೋದ ವರ್ಷ ಇಂಥದ್ದೇ ಒಂದರ ತೂತಿಗೆ ಪುಟ್ಟಿ ಮೆತ್ತಿ
ಬಣ್ಣ ಬಳಿದು ಪಾಸು ಮಾಡಿಸಿದವನ
ಎರಡು ದಿನದ ಸಂಬಳ ಹಿಡಿದವನು ನಾನು.
ನೂರಾ ಒಂದು ಎಂದು ಬರೆದೆ. ದೊಡ್ಡದಾಗಿ.
ಅದರ ಕೆಳಗೆ, ಯಾರೂ ಕೇಳದಿದ್ದರೂ: ಮಿರ್ಚಿ.

ನಕ್ಕರು. ನಗಲಿ.
ಹತ್ತರ ಟೀ ಹೊತ್ತಿಗೆ ಧನೇಶ್ವರ ಬಂದು ನಿಂತ,
ಮುಷ್ಟಿಯಲ್ಲಿ ಮರಳು. ಬೆರಳು ಬಿಚ್ಚಿದ, ಅಂಗೈಗೆ ಅಂಟಿಯೇ ಇತ್ತು.
"ಮರಳು ಹಸಿ ಸಾರ್. ಹತ್ತು ದಿನ ಆಯ್ತು.
ಬೈತೀರಿ ಅಂತ ನಾನು ಬಾಯಿ ಮುಚ್ಚಿ."

ಗಡುವು ಮುಗಿದ ದಿನ ಎಡಕ್ಕೆ ಆರೂವರೆ, ಬಲಕ್ಕೆ ತೊಂಬತ್ತಾರು.
ಎರಡೂ ಗುರಿ ಮುಟ್ಟಿಲ್ಲ. ಮಾಲೀಕರು ಹ್ಞೂಂ ಅಂದರು.
ಡಾಕ್ಟರು ಮಾತ್ರೆ ಬದಲಿಸಲಿಲ್ಲ.
ಬೋರ್ಡು ಒರೆಸಲು ಹೋದೆ.
ಬಲಗಡೆಯ ಅಂಚಿಗೆ ಯಾರೋ ಇನ್ನೊಂದು ಗೀಟು ಎಳೆದು
ಗುಬ್ಬಿಕಾಲಿನ ಅಕ್ಷರದಲ್ಲಿ:
ಬೀಡಿ, ಹದಿನೆಂಟು.

ಯಾರೆಂದು ಕೇಳಲಿಲ್ಲ. ಒರೆಸಲೂ ಇಲ್ಲ.
ಮುಂದಿನ ಸೋಮವಾರ ಅದು ಹದಿನೈದಾಗಿತ್ತು.
ಅದರ ಮುಂದಿನ ವಾರ ಇಪ್ಪತ್ತು.
ದೊಡ್ಡದಾಗಿ ಬರೆದಿತ್ತು.