ಉಪ್ಪು ನೋಡುವ ಸರದಿ

ವಿಲ್ಸನ್ ಗಾರ್ಡನ್ನಿನ ಒಂದು ಅಡ್ಡರಸ್ತೆ,
ಎಷ್ಟನೆಯದೆಂದು ಹೇಳುವುದಿಲ್ಲ, ಹೇಳಿದರೆ ನೀವೂ ಬಂದು ಕೂರುತ್ತೀರಿ,
ಇರುವುದೇ ಎರಡು ಬೆಂಚು.

ಬೋರ್ಡಿಲ್ಲ. ಮನೆಯ ಮುಂದಿನ ಕೋಣೆ,
ಕಿಟಕಿಯ ಎರಡು ಸರಳು ತೆಗೆಸಿ ಮಾಡಿದ ಕೌಂಟರು.
ಒಳಗೆ ಹಬೆ, ಹಬೆಯೊಳಗೆ ಪಿಳ್ಳಮ್ಮ,
ಹುರಿಗಡಲೆ ಕಾಯಿ ಕೊತ್ತಂಬರಿಯ ಹಸಿರು ಚಟ್ನಿ.
ಐದೂವರೆಗೆ ಮೊದಲ ಒಬ್ಬೆ ಇಳಿಯುತ್ತದೆ.

ರಾತ್ರಿ ಪಾಳಿ ಮುಗಿಸಿ ಪ್ರೆಸ್ಸಿನಿಂದ ಬರುವವನು ನಾನು,
ಕರಡು ತಿದ್ದುವವನು.
ಕಣ್ಣ ತುಂಬ ಒತ್ತಕ್ಷರ, ಬೆರಳಿಗೆ ಕೆಂಪು ಮಸಿ.
ತಪ್ಪು ಹುಡುಕುವುದೇ ನನ್ನ ಅನ್ನ.
ಆದರೂ ಆ ಆಷಾಢದಲ್ಲಿ ಚಟ್ನಿ ಉಪ್ಪುಪ್ಪಾದಾಗ
ಅಂದುಕೊಂಡೆ, ನನ್ನ ಬಾಯೇ ಕೆಟ್ಟಿರಬೇಕು.

ಎಲ್ಲರೂ ಹಾಗೇ ಅಂದುಕೊಂಡರು.
ಟೈಲರ್ ಇದಾಯತ್ ಗಟಗಟ ನೀರು ಕುಡಿದ, ಸುಮ್ಮನೆ ಎದ್ದ.
ಬೀದಿ ಗುಡಿಸುವ ಅಂಕಮ್ಮ ಚಟ್ನಿ ಬದಿಗೆ ಸರಿಸಿ
ಬರೀ ಇಡ್ಲಿ ನುಂಗಿದಳು, ಹಲ್ಲುನೋವಂತೆ.
ಮಧ್ಯಾಹ್ನದವರೆಗೆ ಬರುತ್ತಿದ್ದ ನೀರಿನ ಕ್ಯಾನು
ಎಂಟು ಗಂಟೆಗೇ ಖಾಲಿ.
ಉಪ್ಪು ತಿಂದವರು ನೀರು ಕುಡಿಯಲೇಬೇಕು,
ಗಾದೆ ಹೀಗೂ ನಿಜವಾಗುತ್ತದೆಂದು ಯಾರಿಗೆ ಗೊತ್ತಿತ್ತು.

ಒಂಬತ್ತು ದಿನ ಯಾರೂ ಬಾಯಿ ಬಿಡಲಿಲ್ಲ.
ಹತ್ತನೇ ದಿನ ಆರೋಗ್ಯಸ್ವಾಮಿಯ ಮೊಮ್ಮಗ
ತಟ್ಟೆ ಮುಂದಕ್ಕೆ ತಳ್ಳಿದ:
"ತಾತಾ, ವೇಳಾಂಗಣ್ಣಿ ಬೀಚಲ್ಲಿ ಬಾಯಿಗೆ ಹೋಗಿತ್ತಲ್ಲ, ಅದೇ ನೀರು!"
ತಾತ ಅವನ ತೊಡೆ ಚಿವುಟುವಷ್ಟರಲ್ಲಿ ತಡವಾಗಿತ್ತು.
ಹಬೆಯ ಹಿಂದೆ ಸೌಟು ನಿಂತಿತು.

"ಜ್ವರ ಬಂದಿತ್ತಲ್ಲ," ಅಂದಳು ಪಿಳ್ಳಮ್ಮ,
ನಮ್ಮನ್ನಲ್ಲ, ಒಲೆಯನ್ನು ನೋಡುತ್ತ,
"ಅವತ್ತಿಂದ ಬಾಯಿಗೆ ಏನೂ ಗೊತ್ತಾಗಲ್ಲ.
ಬೆಲ್ಲ ಇಟ್ರೂ ಮಣ್ಣು, ಮೆಣಸಿನಕಾಯಿ ಕಚ್ಚಿದ್ರೂ ಬರೀ ಉರಿ.
ಕೈ ಅಳತೆ ತಪ್ಪಲ್ಲ ಅಂದ್ಕೊಂಡಿದ್ದೆ."
ಮಾರನೆ ದಿನ ಕಿಟಕಿ ತೆಗೆಯಲಿಲ್ಲ.

ಮುಚ್ಚಿದ ಕಿಟಕಿಯ ಮುಂದೆ ಅದೇ ಹೊತ್ತಿಗೆ ಬಂದು ನಿಂತೆವು
ಬಸ್ಸು ತಪ್ಪಿದವರಂತೆ.
ಎರಡು ಬೀದಿ ಆಚೆ ದರ್ಶಿನಿ ಇದೆ, ಸ್ಟೀಲು ಮೇಜು, ಟೋಕನ್ನು.
ಯಾರೂ ಅತ್ತ ಕಾಲು ಹಾಕಲಿಲ್ಲ.
ಕೊನೆಗೆ ಅಂಕಮ್ಮ ಪೊರಕೆಯ ಹಿಡಿಯಿಂದ ಬಡಿದಳು:
"ನಿನ್ನ ನಾಲಿಗೆ ಹೋದ್ರೆ ಏಂ, ನಂದು ಐತೆ ಕದಾ!
ತೆಗಿಯಮ್ಮಾ, ಆರೂವರೆಗೆ ಹಾಜರಿ ಐತೆ ನಂಗೆ."

ಹಾಗೆ ಶುರುವಾಯಿತು.
ರುಬ್ಬಿದ ಚಟ್ನಿ ಒಂದು ತೊಟ್ಟು ಅಂಗೈಗೆ,
ಯಾರು ಮೊದಲು ಬಂದರೋ ಅವರ ಸರದಿ.
ಇದಾಯತ್‌ಗೆ ಬೀಪಿ, ಅವನು ನೋಡಿದ ದಿನ ಸಪ್ಪೆ.
ಆರೋಗ್ಯಸ್ವಾಮಿಯದು ಮೂವತ್ತು ವರ್ಷ ಬೀಡಿ ಸೇದಿದ ನಾಲಿಗೆ,
ಎಷ್ಟು ಹಾಕಿದರೂ ಸಾಲದು.
ನಾನು ನೋಡಿದರೆ ಇಡ್ಲಿ ಆರಿ ಹೋಗುತ್ತದೆಂದು ದೂರು,
ಮೂರು ಸಲ ನೆಕ್ಕುತ್ತೇನಂತೆ, ಮೂರು ಸಲ ತಿದ್ದಿಸುತ್ತೇನಂತೆ.
ಈಗ ಬೀದಿಯವರು ಮೊದಲ ತುತ್ತಿಗೇ ಹೇಳುತ್ತಾರೆ,
"ಓ, ಇವತ್ತು ಅಂಕಮ್ಮ."

ಹನ್ನೊಂದಕ್ಕೆ ಗಿರಾಕಿ ಕರಗಿದ ಮೇಲೆ
ಪಿಳ್ಳಮ್ಮ ಎರಡು ಇಡ್ಲಿ ಹಾಕಿಕೊಂಡು ಹೊಸ್ತಿಲಲ್ಲಿ ಕೂರುತ್ತಾಳೆ.
ಅಗಿಯುತ್ತಾಳೆ, ಮುಖ ಮೇಲೆ ಮಾಡಿ,
ಮಳೆ ಬರುತ್ತದೋ ಎಂದು ನೋಡುವವರ ಹಾಗೆ.
ಒಂದು ದಿನ ನಿದ್ದೆ ಬಾರದೆ ನಾನೂ ಅಲ್ಲಿಗೇ ಬಂದೆ.
"ಹೆಂಗೈತೆ ಹೇಳು," ಅಂದಳು.
"ಚೆನ್ನಾಗೈತೆ."
"ಅದಲ್ಲಪ್ಪ. ನಂಗೆ ಹೇಳು. ಬಿಡಿಸಿ ಹೇಳು."

ತಿದ್ದಬಲ್ಲೆ, ಬರೆದವನಲ್ಲ.
ತಡವರಿಸಿದೆ.
ಮೊದಲು ಕೊತ್ತಂಬರಿ, ಅಂದೆ, ಒದ್ದೆ, ತಣ್ಣಗೆ.
ಆಮೇಲೆ ಕಾಯಿ, ಸ್ವಲ್ಪ ಸಿಹಿ.
ಖಾರ ಮುಂದೆ ಬರಲ್ಲ, ಕಿವಿ ಹತ್ರ ಕಾಯ್ತಾ ಇರುತ್ತೆ.
"ಹುಣಸೆ?"
ಇದೆ. ಕೊನೇಲಿ, ದವಡೆ ಹಿಂದೆ.
"ಉಪ್ಪು?"
ಉಪ್ಪು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಪಿಳ್ಳಮ್ಮ.
"ಹಂಗಾದ್ರೆ ಸರಿಯಾಗೈತೆ ಬಿಡು,"
ಅಂದು ಇನ್ನೊಂದು ತುತ್ತು ಮುರಿದಳು.