ಹಳದಿ ಕಾಂಗಾ

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಡಿಗೆ ಬೈಕಿನವನು.
ಸೆಂಗೆರೆಮಾ ರಸ್ತೆ ಸರೋವರಕ್ಕೆ ಇಳಿಯುವ ತಿರುವಿನಲ್ಲಿ
ಮಾವಿನ ಮರದ ಕೆಳಗೆ ನಮ್ಮ ಸ್ಟ್ಯಾಂಡು.
ಒಂಬತ್ತು ಬೈಕು, ಹತ್ತು ಬಾಯಿ.
ಹೆಚ್ಚಿಗೆ ಇದ್ದದ್ದು ಮಡುಹುವಿನದು, ಅವನಿಗೆ ಒಂದು ಸಾಲದು.
ನನ್ನ ಗಿರಾಕಿಯನ್ನು ಹತ್ತಿದ ಸೀಟಿನಿಂದಲೇ ಇಳಿಸಿಕೊಂಡು ಹೋದವನು.
ಎರಡು ತಿಂಗಳಿಂದ ಮಾತಿಲ್ಲ.

ಐದು ದಿನ, ಔಷಧಾಲಯದ ಜಗಲಿಯಲ್ಲಿ
ನರ್ಸ್ ಕಶಿಂಜೆ ನಮಗೆ ಕಲಿಸಿದಳು.
ಗೋಣಿಚೀಲಕ್ಕೆ ಹೊಟ್ಟು ತುಂಬಿ ಮಾಡಿದ ಮನುಷ್ಯ;
ಅವನೆದೆ ಒತ್ತಿ ಒತ್ತಿ ಹೊಲಿಗೆ ಬಿಚ್ಚಿ
ಹೊಟ್ಟು ಹಾರಿದಾಗ ನಕ್ಕೆವು. ಅವಳು ನಗಲಿಲ್ಲ.
"ರಕ್ತ ಚಿಮ್ಮಿದರೆ ಒತ್ತು.
ಬಟ್ಟೆ ನೆನೆದರೆ ತೆಗೆಯಬೇಡ,
ಅದರ ಮೇಲೇ ಇನ್ನೊಂದಿಡು, ಮತ್ತೆ ಒತ್ತು.
ಎತ್ತಿ ನೋಡುವ ಚಪಲ ನಿನ್ನದು,
ಸಾಯುವವನು ಅವನು."

ಕೊನೆಗೆ ಕೊಟ್ಟದ್ದು ಒಂದು ಕೆಂಪು ಚೀಲ,
ಎರಡು ಜೊತೆ ಕೈಗವಸು. ಮೊದಲ ಜೊತೆ
ದಾರಿಯಲ್ಲೇ ಆದ ಒಂದು ಹೆರಿಗೆಗೆ ಹೋಯಿತು.
ಇನ್ನೊಂದನ್ನು ನನ್ನ ಮಗಳು ಊದಿ
ಐದು ಕೊಂಬಿನ ಬಲೂನು ಮಾಡಿದಳು.

ಆ ಗುರುವಾರ ಫೋನು ಬಂದಾಗ
ಹಿಂದೆ ಮಿಲೆಂಬೆ ಕೂತಿದ್ದಳು, ಮಡಿಲಲ್ಲಿ ಒಣಮೀನಿನ ಬುಟ್ಟಿ.
ಇಳಿ ಅಂದೆ. ಇಳಿಯಲಿಲ್ಲ.
"ನಡುದಾರಿಯಲ್ಲಿ ಇಳಿಸಿದರೆ ದುಡ್ಡು ಕೊಡೋಲ್ಲ."
ಸರಿ, ಬುಟ್ಟಿ ಸಮೇತ ತಿರುಗಿಸಿದೆ.

ಕಲ್ಲು ತುಂಬಿದ ಲಾರಿ. ಡ್ರೈವರು ಓಡಿಹೋಗಿದ್ದ.
ಮದುವೆಗೆ ಬಂದಷ್ಟು ಜನ ಸುತ್ತ,
ನಡುವೆ ಮಡುಹು, ಎರಡೂ ಬಾಯಿ ಮುಚ್ಚಿಕೊಂಡು.
ತೊಡೆಯಿಂದ ರಕ್ತ
ಒಡೆದ ಕೊಡದಿಂದ ಸೋರುವ ಹಾಗಲ್ಲ,
ಎದೆ ಬಡಿದಷ್ಟು ಸಲ, ಬಿಟ್ಟು ಬಿಟ್ಟು.

ಬರಿಗೈ. ಕಶಿಂಜೆ ಕ್ಷಮಿಸಲಿ.
ಚೀಲದ ಬ್ಯಾಂಡೇಜು ಒಂದು ಗುಟುಕಿಗೂ ಬರಲಿಲ್ಲ.
"ಬಟ್ಟೆ!" ಅಂದೆ. ಜನ ಮುಖ ಮುಖ ನೋಡಿಕೊಂಡರು.
ಪರ್ರನೆ ಹರಿದ ಸದ್ದು. ಮಿಲೆಂಬೆ.
ಲಂಗದ ಮೇಲೆ ಸುತ್ತಿದ್ದ ಕಾಂಗಾ,
ಹಳದಿಯ ಮೇಲೆ ಕರಿಯ ಗೋಡಂಬಿ,
ಎಲ್ಲ ಕಾಂಗಾಗಳ ಹಾಗೆ ಅಂಚಿನಲ್ಲೊಂದು ನುಡಿ.
ಮಡಿಸಿ ಒತ್ತುವಾಗ ಕಣ್ಣಿಗೆ ಬಿದ್ದದ್ದು ಇಷ್ಟೇ:
"ನೆರೆಯವನ ಮೇಲಿನ ಸಿಟ್ಟು..."

ಒತ್ತಿದೆ. ಮೈಭಾರವನ್ನೆಲ್ಲ ಮೊಣಕೈಗೆ ಬಿಟ್ಟು ಒತ್ತಿದೆ.
ನೆನೆಯಿತು. ತೆಗೆಯಲಿಲ್ಲ.
ಉಳಿದ ಅರ್ಧವನ್ನೂ ಮಿಲೆಂಬೆ ಮೇಲಿಟ್ಟಳು,
ಓದಲು ಹೊತ್ತೆಲ್ಲಿತ್ತು?

ಇಡೀ ಜಿಲ್ಲೆಗಿದ್ದ ಆಂಬುಲೆನ್ಸು ಫೆರಿಯ ಆಚೆ ದಡದಲ್ಲಿ.
ಮಂಜುಗಡ್ಡೆ ಸಾಗಿಸುವ ಪಿಕಪ್ಪು ಸಿಕ್ಕಿತು.
ನಲವತ್ತು ನಿಮಿಷ ಮಂಜಿನ ನೀರಲ್ಲಿ ಮಂಡಿಯೂರಿ
ಕೈ ಸತ್ತುಹೋಯಿತು, ಬದಲಿಸಲಿಲ್ಲ.
ಒಂದು ಸಲ ಅವನು ಕಣ್ಣು ತೆರೆದು
ನನ್ನನ್ನು ಗುರುತಿಸಿ, ಛೆ, ಅನ್ನುವಂತೆ ಮುಚ್ಚಿದ.
ಆಗ ನನಗೆ ಸ್ವಲ್ಪ ಧೈರ್ಯ ಬಂತು.

ಆಸ್ಪತ್ರೆಯ ಬಾಗಿಲಲ್ಲಿ ಬೇರೆ ಕೈಗಳು ಬಂದವು,
ಕೈಗವಸು ತೊಟ್ಟ ಕೈಗಳು.
"ನೀನು ಯಾರು, ಸಂಬಂಧಿಕನಾ?"
ಅಲ್ಲ ಅಂದೆ.
ಬಾಗಿಲು ಮುಚ್ಚಿತು.

ಅಲ್ಲಿಂದಾಚೆಯದನ್ನು ನಮ್ಮಂಥವರಿಗೆ ಯಾರೂ ಹೇಳುವುದಿಲ್ಲ.
ಮ್ವಾನ್ಝಾಕ್ಕೆ ಕಳಿಸಿದರು ಅಂತ ಒಬ್ಬ,
ಕಾಲು ತೆಗೆದರು ಅಂತ ಒಬ್ಬ,
ಅವನ ಅಣ್ಣ ಬಂದು ಬೈಕು ಒಯ್ದ, ಏನೂ ಹೇಳಲಿಲ್ಲ.
ಮಾವಿನ ನೆರಳಲ್ಲಿ ಅವನ ಜಾಗಕ್ಕೆ
ಯಾರೂ ಚಕ್ರ ಊರುವುದಿಲ್ಲ, ಬಿಸಿಲೇರಿದಾಗಲೂ.

ಮಿಲೆಂಬೆಯನ್ನು ಕೇಳಿದೆ: ಅಂಚಿನಲ್ಲಿ ಏನು ಬರೆದಿತ್ತು?
"ನನಗೆಲ್ಲಿ ಓದು ಬರುತ್ತೆ? ಹಳದಿ ಚೆನ್ನಾಗಿತ್ತು, ಕೊಂಡೆ."
ಅವಳು ಆವತ್ತಿನ ಬಾಡಿಗೆ ಕೊಟ್ಟಿಲ್ಲ,
ನಾನು ಕಾಂಗಾದ ದುಡ್ಡು ಕೊಟ್ಟಿಲ್ಲ.

ಈಗ ಸಂತೆಯಲ್ಲಿ ಹಳದಿ ಕಂಡರೆ ಸಾಕು,
ಬೈಕು ನಿಧಾನಿಸಿ, ಕತ್ತು ಹೊರಳಿಸಿ
ಹೆಂಗಸರ ಅಂಚು ಓದುತ್ತೇನೆ.
ಸಿಟ್ಟು... ಸಿಟ್ಟು ಏನಾಗುತ್ತದೆ?
"ಏನೋ ನೋಡ್ತಿದ್ದೀಯ, ನಾಚಿಕೆಗೆಟ್ಟವನೇ?"
ನಿನ್ನೆ ಒಬ್ಬಳು ಬಾಳೆಗೊನೆ ಎತ್ತಿದಳು.
ಏನಂತ ಹೇಳಲಿ ಅವಳಿಗೆ.
ಅಷ್ಟರಲ್ಲಿ ಜೇಬಿನ ಫೋನು ನಡುಗಿತು.