ದೃಷ್ಟಿಬೊಟ್ಟು

ಶಿಡ್ಲಘಟ್ಟದ ಕಾಲೇಜು, ಮೊದಲ ಪೀರಿಯಡ್ಡು.
ಬೋರ್ಡಿನ ಮೇಲೆ ‘ಕಿಟಕಿ’ ಎಂದು ಬರೆದೆ.
ಅತ್ತಲಿಂದ ಓದಿ, ಇತ್ತಲಿಂದ ಓದಿ.
(ಹೋಲಿಕೆ ಪೂರ್ತಿ ಸರಿಯಿಲ್ಲ, ಇರಲಿ.)
ಡಿಎನ್‌ಎಯ ಜೋಡಿ ಎಳೆ, ಎದುರುಬದುರು ನಡಿಗೆ,
ಓದು ಮಾತ್ರ ಒಂದೇ:
ಅಂಥ ಆರಕ್ಷರ ಕಂಡಲ್ಲಿ ಕತ್ತರಿ.

ಯಾರ ಕತ್ತರಿ?
ಕರುಳಿನ ಕತ್ತಲಲ್ಲಿ ಬಾಳುವ ಬ್ಯಾಕ್ಟೀರಿಯಾದ್ದು.
ಒಳನುಗ್ಗಿದ ವೈರಸ್ಸನ್ನು ತುಂಡರಿಸಲು
ಅದು ಸಾಣೆ ಹಿಡಿದಿಟ್ಟದ್ದು,
ನಾವು ಕೇಳದೆ ತಂದು
ಐಸಿನ ಡಬ್ಬಿಯಲ್ಲಿಟ್ಟುಕೊಂಡದ್ದು.

‘ತನ್ನನ್ನೇ ಕತ್ತರಿಸಿಕೊಳ್ಳಲ್ವಾ ಸಾರ್?’
ಹಿಂದಿನ ಬೆಂಚಿನ ರುಖಿಯಾ.

ಇಲ್ಲಮ್ಮ. ತನ್ನ ಮೈಮೇಲಿನ ಅದೇ ಅಕ್ಷರಗಳಿಗೆ
ಒಂದೊಂದು ದೃಷ್ಟಿಬೊಟ್ಟು ಇಟ್ಟುಕೊಂಡಿದೆ.
ಬೊಟ್ಟು ಕಂಡರೆ ಕತ್ತರಿ ಸುಮ್ಮನೆ ದಾಟುತ್ತದೆ.

ಹಾಲುತೊಂಡೆ ಬಂದ ಹುಳುವಿನೊಳಗೆ
ಯಾವ ವೈರಸ್ಸೆಂದು ಗುರುತು ಹೇಳುವುದೂ
ಇದೇ ಕತ್ತರಿ, ತುಂಡುಗಳ ಉದ್ದ ತೋರಿಸಿ.
ಕಡಿದ ತುದಿಗಳು ಅಂಟಂಟು,
ಜೊತೆ ಹುಡುಕುತ್ತವೆ, ಎಂದೆ.

ಅವಳು ತನ್ನ ಕೈ ನೋಡಿಕೊಂಡಳು.
ಬೆಳಗಿನ ಐದರಿಂದ ಬಿಸಿನೀರಲ್ಲಿ ಗೂಡು ತಿರುವಿ
ಬಿಳಿಚಿದ ಬೆರಳು.

‘ಎಳೆ ತಾನಾಗೇ ಕಡ್ದೋಗುತ್ತೆ ಸಾರ್.
ತುದಿ ಸಿಗೋದೇ ಕಷ್ಟ.’